ಡ್ರೈವರನ ಗಾಜಿಗೆ ಜಾಲಿ ಪರದೆ ಬೇಡ

ಕಾಸರಗೋಡಿನಿಂದ ಮಂಗಳೂರಿಗೆ ಆಸ್ಪತ್ರೆ ಬಾಡಿಗೆ ಓಡಿಸುವವರಿಗೆ ಬಿಸಿಲು ಎರಡು ಹೊತ್ತೂ ಬಲಗಡೆಯೇ. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಮೂಡುದಿಕ್ಕು ಬಲಕ್ಕೆ, ಸಂಜೆ ವಾಪಸ್ ಬರುವಾಗ ಕಡಲು ಬಲಕ್ಕೆ. ಸ್ಟೇರಿಂಗೂ ಬಲಕ್ಕೇ ಇರುವುದರಿಂದ ಎಲ್ಲ ಬಿಸಿಲೂ ಡ್ರೈವರನ ಪಾಲು. ಹಿಂದೆ ಎಡಗಡೆ ಕೂತ ಪಾರ್ಟಿಗೆ, ಅಂದರೆ ಬಾಡಿಗೆ ಹಿಡಿದವರಿಗೆ, ಅದು ಗೊತ್ತೇ ಆಗುವುದಿಲ್ಲ. ನಮ್ಮ ಸ್ಟ್ಯಾಂಡಿನ ಹಳಬರ ಕೈ ನೋಡಿ, ಬಲಗೈ ಎಡಗೈಗಿಂತ ಕಪ್ಪಾಗಿರುತ್ತದೆ. ಮುಂದಿನ ಗಾಜು ಲ್ಯಾಮಿನೇಟೆಡ್, ಅಂದರೆ ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು, ಯುವಿ (ನೇರಳಾತೀತ) ಕಿರಣವನ್ನು ಬಹುಪಾಲು ತಡೆಯುತ್ತದೆ. ಬಾಗಿಲಿನದು ಸಾಮಾನ್ಯವಾಗಿ ಬರೀ ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಅದಕ್ಕೆ ಅಷ್ಟು ತಾಕತ್ತಿಲ್ಲ.

ಅತಿ ಕೆಟ್ಟದ್ದು ಡಿಸೆಂಬರ್, ಜನವರಿಯ ಸಂಜೆ. ನಮ್ಮ ಹೈವೇ ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ನೆಟ್ಟಗೆ ದಕ್ಷಿಣಕ್ಕೆ ಇಳಿಯುವುದಿಲ್ಲ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಹೋಗುತ್ತದೆ. ಆ ದಿನಗಳಲ್ಲಿ ಸೂರ್ಯ ಮುಳುಗುವುದೂ ಪಡುವಣದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು. ಎರಡೂ ಸೇರಿ ಬಿಸಿಲು ಬಲಗಾಜಿಗೆ ಸರಿಯಾಗಿ ಅಡ್ಡಲಾಗಿ ಹೊಡೆಯುತ್ತದೆ. ಮೊದಲಾದರೆ ದಾರಿಬದಿಯ ಮರಗಳ ನೆರಳಿತ್ತು. ಆರು ಲೇನ್ ಕೆಲಸಕ್ಕೆ ಅವನ್ನು ಕಡಿದ ಮೇಲೆ ಉಪ್ಪಳ, ಬಂದ್ಯೋಡು, ಕುಂಬಳೆ ಕಡೆ ಬಯಲೋ ಬಯಲು.

ಕಳೆದ ಚಳಿಗಾಲದಲ್ಲಿ ನಮ್ಮ ಓನರು ಎಲ್ಲ ಗಾಡಿಗೂ ಕಪ್ಪು ಜಾಲಿ ಪರದೆ ತರಿಸಿದರು. ಹಿಂದಿನ ಬಾಗಿಲಿಗಷ್ಟೇ ಅಲ್ಲ, ಮುಂದಿನದಕ್ಕೂ. ನಾಲ್ಕು ಗಾಜಿನ ಸೆಟ್ಟು, ಬಿಡಿಯಾಗಿ ಸಿಗುವುದಿಲ್ಲವಂತೆ. ಕೆನ್ನೆಗೆ ತಂಪಾಯಿತೆಂದು ಡ್ರೈವರುಗಳೂ ಸುಮ್ಮನಿದ್ದರು, ನಾನೂ ಇದ್ದೆ.

ಹಾಗಿರುವಾಗ ಒಂದು ಸಂಜೆ, ಡಯಾಲಿಸಿಸ್ ಮುಗಿಸಿ ಮಂಗಳೂರಿನಿಂದ ವಾಪಸ್ ಬರುವ ಬಾಡಿಗೆ. ಹಿಂದಿನ ಸೀಟಲ್ಲಿ ಅಜ್ಜ, ಪಕ್ಕದಲ್ಲಿ ಮಗಳು. ಮಾತ್ರೆ ತೆಗೆದುಕೊಳ್ಳಬೇಕೆಂದು ಉಪ್ಪಳದಲ್ಲಿ ಸರ್ವಿಸ್ ರೋಡಿಗೆ ಇಳಿದಿದ್ದೆವು. ಮುಗಿಸಿ ಮತ್ತೆ ಮೈನ್ ರೋಡಿಗೆ ಏರಬೇಕು. ಹಾಗೆ ಏರುವಾಗ ಹಿಂದಿನಿಂದ ಬರುವ ಗಾಡಿಗಳೆಲ್ಲ ಬಲಕ್ಕೇ, ಅಂದರೆ ಸೂರ್ಯನಿದ್ದ ಕಡೆಗೇ. ಇಂಡಿಕೇಟರ್ ಹಾಕಿ ಕನ್ನಡಿ ನೋಡಿದೆ. ಇಳಿಬಿಸಿಲು ಬಿದ್ದರೆ ಕಪ್ಪು ಜಾಲಿ ಕಪ್ಪಾಗಿ ಉಳಿಯುವುದಿಲ್ಲ. ಒಂದೊಂದು ನೂಲೂ ಬೆಳಗಿ, ಇಡೀ ಪರದೆ ಬೂದುಬಣ್ಣದ ಮಂಜಿನ ಹಾಗೆ ಹೊಳೆಯುತ್ತದೆ. ಆ ಮಂಜಿನ ಆಚೆ ಕನ್ನಡಿ, ಕನ್ನಡಿಯೊಳಗೆ ರಸ್ತೆ. ಖಾಲಿ ಎಂದೇ ಕಂಡಿತು. ಮುಂದಿನ ಚಕ್ರ ಬಿಳಿಗೆರೆ ದಾಟಿದ್ದೇ ಹಾರ್ನು ಕೇಳಿತು, ಕಿವಿಯ ಪಕ್ಕದಲ್ಲೇ. ಎಡಕ್ಕೆ ಎಳೆದು ಬ್ರೇಕ್ ಒತ್ತಿದೆ. ಟಿಪ್ಪರ್ ಒಂದು ಕನ್ನಡಿಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಯಿತು, ಅದರ ಗಾಳಿಗೆ ಗಾಡಿ ಅಲುಗಿತು.

ತಿರುಗಿ ನೋಡಿದರೆ ಅಜ್ಜ ಮುಂದಿನ ಸೀಟಿಗೆ ಕೈ ಊರಿದ್ದರು, ಫಿಸ್ಟುಲಾದ ಕೈಯನ್ನೇ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚುವ ಕೈಯನ್ನೇ. ಬ್ಯಾಂಡೇಜಿನ ಮೇಲೆ ಕೆಂಪು ಚುಕ್ಕೆಯೊಂದು ಕಂಡಿತು, ನೋಡುತ್ತಿದ್ದ ಹಾಗೆ ಅಗಲವಾಯಿತು. ಮಗಳು ಎರಡು ಬೆರಳಲ್ಲಿ ಅದನ್ನು ಒತ್ತಿ ಹಿಡಿದು ಕೂತರು. ಅವರಿಗೆ ಅಭ್ಯಾಸವಿತ್ತು, ನನಗಿರಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ಏಸಿ ಹೆಚ್ಚಿಸಿ, ಮಂಗಳೂರಿಗೇ ವಾಪಸ್ ತಿರುಗಿಸಲಾ ಎಂದು ಕೇಳಿದೆ. "ಸ್ವಲ್ಪ ಇರಿ" ಅಂದರು ಮಗಳು. ರಕ್ತ ನಿಲ್ಲುವವರೆಗೆ ಯಾರೂ ಮಾತಾಡಲಿಲ್ಲ. ನಿಂತ ಮೇಲೆ ಮೊದಲು ಮಾಡಿದ ಕೆಲಸ ಬಲಗಾಜಿನ ಜಾಲಿ ಕಿತ್ತು ಡಿಕ್ಕಿಗೆ ಹಾಕಿದ್ದು.

ಓನರಿಗೆ ಹೇಳಿದರೆ, ಪಾರ್ಟಿಗೆ ತಂಪಿರಬೇಕು, ಬೇರೆ ಡ್ರೈವರುಗಳು ಏನೂ ಹೇಳಿಲ್ಲವಲ್ಲ ಅಂದರು. ಪಾರ್ಟಿ ಜೀವಂತ ಮನೆ ಸೇರುವುದು ತಂಪಿಗಿಂತ ಮುಖ್ಯ ಅಂದೆ. ಫೈನಿನ ಮಾತೂ ಎತ್ತಿದೆ. 2021ರ ಜನವರಿಯಲ್ಲಿ ಕೇರಳ ಎಂವಿಡಿ (ಮೋಟಾರು ವಾಹನ ಇಲಾಖೆ) ‘ಆಪರೇಷನ್ ಸ್ಕ್ರೀನ್’ ಎಂದು ಪರದೆ, ಫಿಲ್ಮು ಹಾಕಿದ ಗಾಡಿಗಳನ್ನು ಹಿಡಿದದ್ದು ಅವರಿಗೂ ನೆನಪಿದೆ. ಹಾಗಾದರೆ ಫಿಲ್ಮ್ ಹಾಕಿಸುವ, ಈಗ ಅದಕ್ಕೆ ತೊಂದರೆ ಇಲ್ಲ ಅಂದರು.

ಅದು ಅರ್ಧ ಸರಿ. 2012ರಲ್ಲಿ ಸುಪ್ರೀಂ ಕೋರ್ಟು ಗಾಜಿಗೆ ಫಿಲ್ಮ್ ಅಂಟಿಸುವುದನ್ನೇ ನಿಲ್ಲಿಸಿತ್ತು. 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮದ ತಿದ್ದುಪಡಿಯನ್ನು ಹಿಡಿದು 2024ರಲ್ಲಿ ಕೇರಳ ಹೈಕೋರ್ಟು, ಮಾನಕಕ್ಕೆ ಹೊಂದುವ ಫಿಲ್ಮ್ ಆಗಬಹುದು ಎಂದಿತು. ಮುಂದೆ ಹಿಂದೆ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕಾದರೂ ಒಳಗೆ ಬರಬೇಕು. ಆದರೆ ನಮ್ಮ ಗಾಡಿ ದಿನಾ ತಲಪಾಡಿ ದಾಟುತ್ತದೆ. ಆಚೆ ನಿಲ್ಲಿಸುವ ಪೊಲೀಸರಿಗೆ ಕೇರಳದ ತೀರ್ಪು ವಿವರಿಸುತ್ತಾ ನಿಲ್ಲಬೇಕಾದವನು ಡ್ರೈವರು, ಓನರಲ್ಲ. ಅದಕ್ಕಿಂತ ಮುಖ್ಯ, ಒಳ್ಳೆಯ ಫಿಲ್ಮ್ ಸೆಕೆ ಕಡಿಮೆ ಮಾಡುತ್ತದೆ, ಯುವಿ ತಡೆಯುತ್ತದೆ, ಅಷ್ಟೇ. ಕಣ್ಣಿಗೆ ನೇರ ಹೊಡೆಯುವ ಸೂರ್ಯನನ್ನು ಅರ್ಧ ಮಾಡಿದರೂ ಅದು ಕಣ್ಣು ಕುಕ್ಕುವ ಸೂರ್ಯನೇ.

ನನಗೆ ನಿಜವಾಗಿ ಉಪಕಾರವಾದದ್ದು ಸಣ್ಣಪುಟ್ಟದ್ದೇ. ಸನ್ ವೈಸರನ್ನು ಕೊಕ್ಕೆಯಿಂದ ಬಿಡಿಸಿ ಬಲಗಾಜಿನ ಕಡೆ ತಿರುಗಿಸುವುದು ಎಲ್ಲರಿಗೂ ಗೊತ್ತು. ಆದರೆ ಸೀಟು ತೀರಾ ಹಿಂದಿದ್ದರೆ ವೈಸರಿನ ತುದಿಗೂ ಬಾಗಿಲ ಹಿಂದಿನ ಪಿಲ್ಲರಿಗೂ ನಡುವಿನ ಸಂದಿಯಲ್ಲಿ ಬಿಸಿಲು ನುಗ್ಗುತ್ತದೆ. ಸೀಟನ್ನು ಒಂದು ಹಲ್ಲು ಮುಂದೆ ತಂದು, ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿ ನೋಡಿ. ಎರಡನೆಯದು ಗಾಜಿನ ಒಳಮೈ. ಹೊರಗೆ ಮುರಕಲ್ಲಿನ ಧೂಳೂ ಕಡಲ ಉಪ್ಪೂ ಕಣ್ಣಿಗೆ ಕಾಣುತ್ತದೆ, ತೊಳೆಯುತ್ತೇವೆ. ಒಳಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನಿಂದ ಏಳುವ ಜಿಡ್ಡು ತೆಳ್ಳಗೆ ಕೂತಿರುತ್ತದೆ, ಇಳಿಬಿಸಿಲು ಬಿದ್ದಾಗಲೇ ಗಾಜೆಲ್ಲ ಹಾಲು ಹಾಲಾಗುವುದು. ಒದ್ದೆ ಮೈಕ್ರೋಫೈಬರಿನಲ್ಲಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಮತ್ತೆ ಒರೆಸಬೇಕು. ರಬ್ಬರ್ ಬೀಡಿಂಗಿನಲ್ಲಿ ಮರಳು ಸಿಕ್ಕಿ ಗಾಜಿನ ಮೇಲೆ ಉದ್ದ ಗೀರು ಬಿದ್ದಿದ್ದರೆ ಒರೆಸಿ ಪ್ರಯೋಜನವಿಲ್ಲ, ಗಾಜೇ ಬದಲಿಸಬೇಕು. ಓನರುಗಳು ಮುಂದೂಡುವ ಕೆಲಸಗಳಲ್ಲಿ ಇದು ಮೊದಲನೆಯದು.

ಕನ್ನಡಕ ತೆಗೆದುಕೊಳ್ಳುವುದಾದರೆ ಬಿಸಿಲಿಗೆ ತಾನಾಗಿ ಕಪ್ಪಾಗುವ ಬಗೆಯದಕ್ಕೆ ದುಡ್ಡು ಹಾಕಬೇಡಿ. ಸಾಮಾನ್ಯವಾಗಿ ಅದು ಕಪ್ಪಾಗಲು ಯುವಿ ಬೇಕು, ಮುಂದಿನ ಗಾಜು ಅದನ್ನು ತಡೆಯುವುದರಿಂದ ಗಾಡಿಯೊಳಗೆ ಸಾಕಷ್ಟು ಕಪ್ಪಾಗುವುದೇ ಇಲ್ಲ. ಪೋಲರೈಸ್ಡ್ ಒಳ್ಳೆಯದು, ಶಿರಿಯ ಹೊಳೆ ದಾಟುವಾಗ ನೀರಿನ ಹೊಳಪನ್ನೂ ಅದು ಕಳೆಯುತ್ತದೆ. ಕೆಲವು ಗಾಜಿನಲ್ಲಿ ಚುಕ್ಕೆ ಚುಕ್ಕೆ ಕಾಣಬಹುದು, ಟೆಂಪರ್ಡ್ ಗಾಜಿನ ಗುಣವದು, ಹೆದರಬೇಕಾಗಿಲ್ಲ. ಫ್ರೇಮು ಕಣ್ಣಿನ ಬದಿಯನ್ನೂ ಮುಚ್ಚುವಂತಿರಲಿ, ನಮಗೆ ಬಿಸಿಲು ಬರುವುದೇ ಬದಿಯಿಂದ.

ಇಷ್ಟಾದರೂ ಮುಳುಗುವ ಮುಂಚಿನ ಒಂದು ಗಂಟೆ ಬಿಸಿಲು ವೈಸರಿನ ಅಡಿಯಿಂದ ಬಂದೇ ಬರುತ್ತದೆ. ಆ ಹೊತ್ತಿಗೆ ಸರ್ವಿಸ್ ರೋಡಿನಿಂದ ಏರುವಾಗ ನಾನು ಬಲಗಾಜನ್ನು ಪೂರ್ತಿ ಇಳಿಸುತ್ತೇನೆ, ಏಸಿ ಹೋದರೆ ಹೋಗಲಿ. ಕನ್ನಡಿ ನೋಡಿ, ಕತ್ತು ತಿರುಗಿಸಿ ಕಣ್ಣಾರೆ ನೋಡಿ, ಆಮೇಲೇ ಗೇರು. ಹಿಂದಿನಿಂದ ಯಾರು ಹಾರ್ನ್ ಹೊಡೆದರೂ ಕಾಯಲಿ.

ಓನರು ಈಗ ಇನ್ನೆರಡು ಗಾಡಿ ಬುಕ್ ಮಾಡಿದ್ದಾರೆ. ಪರದೆಯ ದುಡ್ಡಿಗೆ ಪ್ರತಿ ಡ್ರೈವರನಿಗೂ ಒಂದೊಂದು ಒಳ್ಳೆಯ ಕನ್ನಡಕ ಕೊಡಿಸಿ ಎಂದು ಕೇಳಿದ್ದೇನೆ, ಉತ್ತರ ಬಂದಿಲ್ಲ. ಬೇರೆ ಸ್ಟ್ಯಾಂಡಿನವರೂ ನಿಮ್ಮ ನಿಮ್ಮ ಓನರಲ್ಲಿ ಕೇಳಿ. ಒಬ್ಬನೇ ಕೇಳಿದರೆ ಅದು ತಕರಾರು ಅನಿಸಿಕೊಳ್ಳುತ್ತದೆ.