ಕಾಗದಪತ್ರ ಮಾಲೀಕರದು, ಚಾಲಕ ಯಾಕೆ ಬರೆದಿಡಬೇಕು?

ಕಲಬುರಗಿಯ ಟ್ರಾನ್ಸ್‌ಪೋರ್ಟ್ ಕಚೇರಿಯೊಂದರಲ್ಲಿ ಬಿಲ್ಟಿ, ಅಂದರೆ ಸರಕು ಸಾಗಣೆಯ ರಸೀದಿ, ಬರೆಯುವುದು ನನ್ನ ಕೆಲಸ. ಕ್ಲೀನರ್ ಆಗಿದ್ದು ಈಗಷ್ಟೇ ಸ್ಟೇರಿಂಗ್ ಹಿಡಿದ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಅಣ್ಣಾರ, ಕಾಗದ ಎಲ್ಲಾ ಸೇಠ್ ಮಾಡಿಸಿ ಕೊಟ್ಟಿರ್ತಾರ, ನಾ ಮತ್ತ ಯಾಕ ಬರೀಬೇಕ್ರಿ?” ನನ್ನ ಉತ್ತರವೂ ಒಂದೇ. ಇನ್‌ವಾಯ್ಸ್ ಸರಕು ಮಾರಿದವರ ಪರ, ಬಿಲ್ಟಿ ಟ್ರಾನ್ಸ್‌ಪೋರ್ಟಿನವರ ಪರ, ಪರ್ಮಿಟ್ ಮತ್ತು ವಿಮೆ ಗಾಡಿಯ ಪರ ಮಾತನಾಡುತ್ತವೆ. ಚಾಲಕನ ಪರ ಮಾತನಾಡುವುದು ಅವನೇ ಬರೆದ, ಇಲ್ಲವೆ ಪಟ್ಟು ಹಿಡಿದು ಬರೆಸಿಕೊಂಡ ಸಾಲುಗಳು ಮಾತ್ರ.

ಮೊದಲು, ಲೋಡ್ ಆದ ಮೇಲೆ ಕೈಗೆ ಬಂದ ಕಾಗದವನ್ನು ಓದಬೇಕು. ಸೇಡಂ ಅಥವಾ ವಾಡಿಯಿಂದ ಸಿಮೆಂಟ್ ತುಂಬಿದರೆ ಇನ್‌ವಾಯ್ಸ್ ಮತ್ತು ಬಿಲ್ಟಿಯ ಜೊತೆಗೆ, ಮೌಲ್ಯ 50,000 ರೂಪಾಯಿ ಮೀರಿದಲ್ಲಿ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿ ಪೋರ್ಟಲಿನಲ್ಲಿ ಮಾಡಿಸುವ ಪತ್ರ) ಇರಲೇಬೇಕು. ಕಲಬುರಗಿಯ ದಾಲ್ ಮಿಲ್ಲಿನಿಂದ 50 ಕಿಲೋ ಚೀಲಗಳಲ್ಲಿ ಹೋಗುವ ತೊಗರಿಬೇಳೆಗೆ ಜಿಎಸ್‌ಟಿ ಇಲ್ಲದ ಕಾರಣ ಬಿಲ್ ಆಫ್ ಸಪ್ಲೈ (ತೆರಿಗೆ ಇಲ್ಲದ ಸರಕಿನ ಬಿಲ್) ಸಾಕು, ಇ-ವೇ ಬಿಲ್ ಬೇಕಿಲ್ಲ. ಅದೇ ಬೇಳೆ 25 ಕಿಲೋ ಅಥವಾ ಅದಕ್ಕಿಂತ ಚಿಕ್ಕ, ಲೇಬಲ್ ಅಂಟಿಸಿದ ಪ್ಯಾಕಿನಲ್ಲಿದ್ದರೆ 2022ರ ಜುಲೈನಿಂದ ತೆರಿಗೆಗೆ ಒಳಪಟ್ಟಿದೆ. ಆದ್ದರಿಂದ ಕಾಗದವನ್ನಷ್ಟೇ ಅಲ್ಲ, ಚೀಲವನ್ನೂ ಒಮ್ಮೆ ನೋಡಿ ಹೊರಡುವುದು ಒಳ್ಳೆಯದು.

ಇ-ವೇ ಬಿಲ್ಲಿನ ‘ಬಿ’ ಭಾಗದಲ್ಲಿ ಗಾಡಿಯ ಸಂಖ್ಯೆ ಇರುತ್ತದೆ. ಅದನ್ನು ನಂಬರ್ ಪ್ಲೇಟಿನ ಮುಂದೆ ನಿಂತು ಒಂದೊಂದೇ ಅಂಕಿಯಾಗಿ ತಾಳೆ ನೋಡಬೇಕು. ಹುಮನಾಬಾದ್ ಹತ್ತಿರ ಗಾಡಿ ಕೆಟ್ಟು ಸರಕನ್ನು ಬೇರೆ ಗಾಡಿಗೆ ಹಾಕಿದರೆ, ಹೊಸ ಸಂಖ್ಯೆಯನ್ನು ಅದರಲ್ಲಿ ಸೇರಿಸದೆ ಮುಂದಕ್ಕೆ ಹೋಗುವಂತಿಲ್ಲ. ಅವಧಿಯ ವಿಷಯದಲ್ಲಿ ಹೊಸಬರು ಗೊಂದಲಪಡುವುದೇ ಹೆಚ್ಚು. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಆದರೆ ಆ ಮೊದಲ ದಿನವೆಂದರೆ ಇಪ್ಪತ್ನಾಲ್ಕು ಗಂಟೆಯಲ್ಲ, ಬಿಲ್ ಆದ ಮರುದಿನದ ಮಧ್ಯರಾತ್ರಿಯವರೆಗೆ. ಸೊಲ್ಲಾಪುರಕ್ಕೆ ಸೋಮವಾರ ಬೆಳಿಗ್ಗೆ ಬಿಲ್ ಆಗಲಿ, ಸೋಮವಾರ ರಾತ್ರಿ ಹನ್ನೊಂದಕ್ಕೆ ಆಗಲಿ, ಮಂಗಳವಾರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ದಾರಿಯಲ್ಲಿ ತಡವಾದರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಲು ಅವಕಾಶವಿದೆ. ಅದಕ್ಕಾಗಿ ಗಾಡಿ ಎಲ್ಲಿ, ಯಾವ ಕಾರಣಕ್ಕೆ ನಿಂತಿದೆ ಎಂದು ಚಾಲಕ ಕಚೇರಿಗೆ ಫೋನ್ ಮಾಡಿ ತಿಳಿಸಬೇಕು. ಅವಧಿ ಮುಗಿದ ಬಿಲ್ಲಿನೊಂದಿಗೆ ಸಿಕ್ಕಿಬಿದ್ದರೆ ದಂಡ ತೆರಿಗೆಯ ಎರಡು ಪಟ್ಟು. ಅದನ್ನು ಕಟ್ಟುವವರು ಮಾಲೀಕರೇ ಇರಬಹುದು, ಆದರೆ ತಡೆದು ನಿಲ್ಲಿಸಿದ ಗಾಡಿಯ ಜೊತೆ ನಮ್ಮ ಬಿಸಿಲಿನಲ್ಲಿ ಕಾಯುವವನು ಚಾಲಕ.

ಕಾಟಾ ಚೀಟಿಯನ್ನು (ಗಾಡಿ ತೂಗಿದ ಚೀಟಿ) ಕಿಸೆಯಲ್ಲಿ ಮಡಚಿಡದೆ ಬಿಲ್ಟಿಗೆ ಪಿನ್ ಹಾಕಿಡಿ. ಎರಡು ಆಕ್ಸಲ್ ಗಾಡಿಗೆ ಸರಕು ಸೇರಿ 18.5 ಟನ್ ಮಿತಿ. ಮೀರಿದರೆ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000.

ನನ್ನ ದೃಷ್ಟಿಯಲ್ಲಿ ಹೊಸ ಚಾಲಕನ ದುಡ್ಡು ಹೋಗುವುದು ಚೆಕ್‌ಪೋಸ್ಟಿನಲ್ಲಿ ಅಲ್ಲ, ಮಾಲು ಇಳಿಸುವ ಗೋದಾಮಿನಲ್ಲಿ. ಎಷ್ಟು ಹೊತ್ತಿಗೆ ತಲುಪಿದೆ ಎಂಬುದು ಬರಹದಲ್ಲಿ ಇರದಿದ್ದರೆ ಹಾಲ್ಟಿಂಗ್, ಅಂದರೆ ಕಾದು ನಿಂತದ್ದಕ್ಕೆ ಕೊಡುವ ಹಣ, ಸಿಗುವುದಿಲ್ಲ. ಚೀಲ ಹರಿದಿದ್ದರೆ, ಅದು ಹಮಾಲರು ಕೊಕ್ಕೆ ಹಾಕಿ ಎಳೆದದ್ದರಿಂದಲೋ ದಾರಿಯಲ್ಲಿ ನೆನೆದದ್ದರಿಂದಲೋ ಎಂಬುದು ಆ ಗಳಿಗೆಯಲ್ಲಿ ಮಾತ್ರ ಕಾಣುತ್ತದೆ. ವಾರ ಕಳೆದು ಕಚೇರಿಯಲ್ಲಿ ಲೆಕ್ಕಕ್ಕೆ ಕೂತಾಗ ಅದು ಬರೀ “ಶಾರ್ಟೇಜ್” ಆಗಿ ಭಾಡಾದಲ್ಲಿ (ಬಾಡಿಗೆಯಲ್ಲಿ) ಕಡಿತವಾಗುತ್ತದೆ. ಹಾಗಾಗಿ ಪೋಚ್ (ಸರಕು ತಲುಪಿದ್ದಕ್ಕೆ ಕೊಡುವ ರಸೀದಿ) ಮೇಲೆ ಸಹಿ ಮತ್ತು ಸಿಕ್ಕಾ ಸಾಲದು. ನಾನು ಹುಡುಗರಿಗೆ ಬರೆದು ತೋರಿಸುವ ಸಾಲು ಹೀಗಿರುತ್ತದೆ: “ಗೇಟಿಗೆ ಬಂದದ್ದು ಬೆಳಿಗ್ಗೆ 6-10. ಇಳಿಸಲು ಶುರು 3-40. ತಾಡಪತ್ರಿ ಒಣಗಿತ್ತು. ಇಳಿಸುವಾಗ 8 ಚೀಲ ಹರಿದವು.” ಇದರ ಕೆಳಗೆ ಗೋದಾಮಿನವರ ಸಹಿ ಬೇಕು. ಅವರು ಒಪ್ಪದಿದ್ದರೆ ಸಮಯ ಕಾಣುವಂತೆ ಫೋಟೊ ತೆಗೆದು ಅಲ್ಲಿಂದಲೇ ಕಚೇರಿಗೆ ಕಳುಹಿಸಬೇಕು.

ಲಾಗ್ ಪುಸ್ತಕದಲ್ಲಿ ಮೀಟರ್, ಡೀಸೆಲ್, ಟೋಲ್, ಖರ್ಚಿಗೆಂದು ಪಡೆದ ಮುಂಗಡ ಇವುಗಳನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ನಿದ್ದೆಯ ಹೊತ್ತನ್ನು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಿಕೊಳ್ಳುವಂತಿರಲಿಲ್ಲ. ನಮ್ಮ ಭಾಗದಲ್ಲಿ ಇಂಥ ಮಿತಿ ಎಷ್ಟು ಪಾಲನೆಯಾಗುತ್ತದೆ ಎಂಬುದನ್ನು ಬೆಳಗಿನ ಜಾವ ಯಾವುದೇ ಧಾಬಾದ ಮುಂದೆ ನಿಂತು ನೋಡಬಹುದು. ಆದರೂ ಎಷ್ಟಕ್ಕೆ ಹೊರಟೆ, ಎಷ್ಟಕ್ಕೆ ಮಲಗಿದೆ ಎಂದು ಬರೆದಿಟ್ಟವನಿಗೆ, ಅಪಘಾತವಾದಾಗ “ನಿದ್ದೆಗಣ್ಣಿನಲ್ಲಿ ಹೊಡೆದ” ಎಂಬ ಆರೋಪ ಬಂದರೆ ತೋರಿಸಲು ಏನಾದರೂ ಇರುತ್ತದೆ.

ಟ್ರಿಪ್ ಮುಗಿದ ಕೂಡಲೇ ಪುಸ್ತಕದ ಹಾಳೆ ಹರಿದು ಎಸೆಯುವವರೂ ಇದ್ದಾರೆ. ಸರಕು ಹಾಳಾದ ಬಗ್ಗೆ ಟ್ರಾನ್ಸ್‌ಪೋರ್ಟಿಗೆ ನೋಟಿಸ್ ಕೊಡಲು ರಸ್ತೆ ಸರಕು ಸಾಗಣೆಯ 2007ರ ಕಾಯ್ದೆ ಬುಕಿಂಗ್ ದಿನದಿಂದ 180 ದಿನಗಳ ಕಾಲಾವಕಾಶ ಕೊಟ್ಟಿದೆ. ಅಷ್ಟು ದಿನಗಳವರೆಗೂ ಆ ಹಾಳೆ ಮತ್ತು ಪೋಚಿನ ನಕಲು ಪ್ರತಿ ನಿಮ್ಮ ಮನೆಯಲ್ಲೇ ಇರಲಿ, ಗಾಡಿಯಲ್ಲಿ ಬೇಡ. ಗಾಡಿ ಯಾವಾಗ ಬೇರೆ ಚಾಲಕನ ಕೈಗೆ ಹೋಗುತ್ತದೆಯೋ ಹೇಳಲಾಗದು.