ಬೆಂಗಳೂರಿನ ಹೊಗೆ ಒಯ್ಯುವುದು ಮಳೆಗಿಂತ ಆಷಾಢದ ಗಾಳಿ

ಜುಲೈನಲ್ಲಿ ಬೆಂಗಳೂರಿನ ಎಕ್ಯೂಐ, ಅಂದರೆ ಗಾಳಿಯ ಮಾಲಿನ್ಯ ತೋರಿಸುವ ಸೂಚ್ಯಂಕ, ಇಳಿದರೆ ಮಳೆಗೆ ಆ ಶ್ರೇಯ ಕೊಡುತ್ತೇವೆ. ಆದರೆ ನಗರಕ್ಕೆ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದೊಂದು ಭಾಗ) ಸಣ್ಣ ಕಣಗಳ ಪ್ರಮಾಣ, ತಳ ಮುಟ್ಟುವುದು ಅದಕ್ಕೂ ಮೊದಲೇ, ಆಷಾಢ, ಶ್ರಾವಣದ ಹೊತ್ತಿಗೆ. ಘಟ್ಟ ಹತ್ತಿ ಬರುವ ಪಡುವಣ ಗಾಳಿ ಹಗಲಿರುಳು ಬೀಸಿ, ಊರಿನ ಹೊಗೆಯನ್ನು ಪೂರ್ವಕ್ಕೆ ಒಯ್ದುಬಿಡುತ್ತದೆ. ಮಳೆಹನಿಗೆ ಚೆನ್ನಾಗಿ ಸಿಗುವುದು ದಪ್ಪ ಧೂಳು. 0.1ರಿಂದ 1 ಮೈಕ್ರಾನ್ ಗಾತ್ರದ ಹೊಗೆಕಣಗಳು ಹನಿಯ ಸುತ್ತ ಸರಿಯುವ ಗಾಳಿಯ ಜೊತೆಗೇ ಜಾರಿಕೊಳ್ಳುತ್ತವೆ. ಮಳೆಯ ದೊಡ್ಡ ಉಪಕಾರವೆಂದರೆ ರಸ್ತೆ ಒದ್ದೆಯಾಗಿ ಧೂಳು ಮೇಲೇಳದಿರುವುದು.

ಅಂದರೆ ಜುಲೈನಲ್ಲೂ ಅವೇ ವಾಹನಗಳು, ಅದೇ ಕಸ, ಅವೇ ಕಾರ್ಖಾನೆಗಳು. ಬದಲಾದದ್ದು ಹವೆ ಮಾತ್ರ.

ಅಕ್ಟೋಬರ್ ಕಳೆದ ಮೇಲೆ ಗಾಳಿ ಪೂರ್ವ, ಈಶಾನ್ಯದ ಕಡೆಯಿಂದ ಬೀಸತೊಡಗಿ ಮಂದವಾಗುತ್ತದೆ. ಡಿಸೆಂಬರ್, ಜನವರಿಯ ಇರುಳಲ್ಲಿ ನೆಲ ಬೇಗ ತಣಿಯುವುದರಿಂದ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆಯದು ಮುಚ್ಚಳದಂತೆ ಕೂರುತ್ತದೆ. ಬೇಸಿಗೆಯ ಮಧ್ಯಾಹ್ನ ಎರಡು ಕಿಲೋಮೀಟರ್ ಆಸುಪಾಸಿನ ಎತ್ತರಕ್ಕೆ ಹರಡುವ ಹೊಗೆ ಆಗ ಕೆಲವು ನೂರು ಮೀಟರ್‌ನೊಳಗೇ ಸಿಕ್ಕಿಕೊಳ್ಳುತ್ತದೆ. ರಾತ್ರಿ ಲಾರಿಗಳ ಡೀಸೆಲ್ ಹೊಗೆಯೂ ಅದರೊಳಗೇ. ಹಾಗಾಗಿ ಚಳಿಗಾಲದ ಏರಿಕೆ ಕಾಣುವುದು ರಾತ್ರಿ 8ರ ನಂತರ ಮತ್ತು ಬೆಳಿಗ್ಗೆ 7ರಿಂದ 10ರವರೆಗೆ. ಆಪ್‌ನಲ್ಲಿ ಕಾಣುವ ಎಕ್ಯೂಐನಲ್ಲಿ ಕಣಗಳ ಲೆಕ್ಕ 24 ಗಂಟೆಗಳ ಸರಾಸರಿ, ಆದ್ದರಿಂದ ಈ ಏರಿಕೆ ಅದರಲ್ಲಿ ಕರಗಿಹೋಗುತ್ತದೆ. ಮಾಲಿನ್ಯದ ಮೂಲ ಹುಡುಕುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಿಂದ ಗಂಟೆಗಂಟೆಯ ಮೈಕ್ರೋಗ್ರಾಂ ಲೆಕ್ಕವನ್ನೇ ಇಳಿಸಿಕೊಳ್ಳಬೇಕು. ಮನೆಯ ಅಗ್ಗದ ಸೆನ್ಸರ್ ಮಂಜಿನ ಬೆಳಗ್ಗೆ ತೋರಿಸುವ ಅಂಕಿಯನ್ನು ನಂಬಬೇಡಿ. ತೇವಾಂಶ ಶೇ. 75 ದಾಟಿದರೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಬೆಳಕಿನಿಂದ ಎಣಿಸುವ ಸೆನ್ಸರ್ ಅದನ್ನು ಹೆಚ್ಚು ಮಾಲಿನ್ಯವೆಂದು ಓದುತ್ತದೆ.

ಎಲೆ ಉದುರುವ ಕಾಲವೂ ಇದೇ. ಜನವರಿಯಿಂದ ಮಾರ್ಚ್‌ವರೆಗೆ ಬೆಳಿಗ್ಗೆ ಆರೂವರೆಗೆ ಒಣ ರಸ್ತೆ ಗುಡಿಸಿ, ರಾಶಿಗೆ ಬೆಂಕಿ ಇಡುವುದು ಇನ್ನೂ ನಿಂತಿಲ್ಲ. ಹವೆಯ ಮುಚ್ಚಳ ಅತಿ ಕೆಳಗಿರುವ ಹೊತ್ತದು. ಹಸಿ ಎಲೆ ಬೆರೆತರೆ ಬೆಂಕಿ ಉರಿಯದೆ ಹೊಗೆಯಾಡುತ್ತದೆ, ಪ್ಲಾಸ್ಟಿಕ್ ಸೇರಿದರೆ ಇನ್ನೂ ವಿಷ. ಸುಡುವ ಬದಲು ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ತಂತಿಜಾಲರಿಯ ಗೂಡಿನಲ್ಲಿ ಒಂದೊಂದು ಅಡಿ ಎಲೆಗೆ ಸಗಣಿ ಬಗ್ಗಡ ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ ತುಳಿದು ತುಂಬಿದರೆ ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ. ಕೊಳೆಯದೇ ಉಳಿದರೆ ಸಾಮಾನ್ಯವಾಗಿ ತೇವ ಸಾಲದೆ. ಫೆಬ್ರವರಿ, ಮಾರ್ಚ್‌ನಲ್ಲಿ ವಾರಕ್ಕೆ ಎರಡು ಬಾರಿಯಾದರೂ ನೀರು ಬೇಕು. ಇದಕ್ಕೆ ಪಾರ್ಕಿನ ಒಂದು ಮೂಲೆ ಸಾಕು, ದಯವಿಟ್ಟು ಕೇಳಿ ಪಡೆಯಿರಿ.

ಮಾರ್ಚ್ ಬಂದಂತೆ ಪಿಎಂ 2.5 ಇಳಿದರೂ ಪಿಎಂ 10 (10 ಮೈಕ್ರಾನ್‌ವರೆಗಿನ ಎಲ್ಲ ಕಣಗಳು) ಹಾಗೇ ನಿಲ್ಲಬಹುದು. ಆಗ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪಿಎಂ 2.5 ಎಂಬುದು ಪಿಎಂ 10ರ ಮೂರನೇ ಒಂದು ಭಾಗದಷ್ಟಿದ್ದರೆ ಧೂಳಿನ ಕೈವಾಡ: ಅಗೆದುಬಿಟ್ಟ ರಸ್ತೆ, ಮುಚ್ಚದ ಟಿಪ್ಪರ್‌ನಿಂದ ಸುರಿದ ಎಂ-ಸ್ಯಾಂಡ್. ಶೇ. 60 ದಾಟಿದರೆ ಏನೋ ಉರಿಯುತ್ತಿದೆ. ಧೂಳಿಗೆ ಟ್ಯಾಂಕರ್ ನೀರು ಬೇಸಿಗೆಯಲ್ಲಿ ಸ್ವಲ್ಪ ಹೊತ್ತಿನ ಉಪಶಮನ. ರಸ್ತೆ ಅಂಚಿನ ಮಣ್ಣನ್ನು ಎತ್ತಿ ಒಯ್ಯದಿದ್ದರೆ ಒಣಗಿದೊಡನೆ ಚಕ್ರಗಳು ಮತ್ತೆ ಎಬ್ಬಿಸುತ್ತವೆ.

ಬೇಸಿಗೆಯಲ್ಲಿ ಕಣ್ಣಿಗೆ ಕಾಣದ್ದು ಓಝೋನ್. ಅದನ್ನು ಯಾವ ಕೊಳವೆಯೂ ನೇರ ಉಗುಳುವುದಿಲ್ಲ. ನೈಟ್ರೋಜನ್ ಆಕ್ಸೈಡ್‌ಗಳೂ ಪೆಟ್ರೋಲ್, ಪೇಂಟ್, ದ್ರಾವಕಗಳ ಆವಿಯೂ ಬಿಸಿಲಲ್ಲಿ ಸೇರಿ ಹುಟ್ಟುತ್ತದೆ, ಮಧ್ಯಾಹ್ನ 1ರಿಂದ 4ರ ನಡುವೆ ಏರುತ್ತದೆ. ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್‌ನಲ್ಲಿ ತಾಜಾ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಹಾಗಾಗಿ ದಟ್ಟಣೆಯಿಂದ ದೂರದ ಬಡಾವಣೆ, ಉದ್ಯಾನಗಳಲ್ಲೇ ಅದು ಹೆಚ್ಚಿರಬಹುದು. ಭಾರತದಲ್ಲಿ ಓಝೋನಿಗೆ 8 ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಎನ್95 ಮಾಸ್ಕ್ ಆಗಲಿ, ಏರ್ ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ ಆಗಲಿ ಈ ಅನಿಲವನ್ನು ತಡೆಯುವುದಿಲ್ಲ. ಮಕ್ಕಳ ಬೇಸಿಗೆ ಶಿಬಿರದ ಓಟ, ಆಟವನ್ನು ಬೆಳಗಿನ ಹೊತ್ತಿಗೆ ಇಡುವುದೇ ಸದ್ಯದ ದಾರಿ.

ಸುಧಾರಣೆ ಅಳೆಯುವವರು ಜನವರಿಯನ್ನು ಜನವರಿಯೊಂದಿಗೇ ಹೋಲಿಸಬೇಕು, ಅದೂ ಒಂದೇ ಕೇಂದ್ರದ ಅಂಕಿಗಳನ್ನು. ಕಾರ್ಖಾನೆಗಳ ಪೀಣ್ಯವನ್ನು ಮನೆಗಳ ಬಡಾವಣೆಯಾದ ಜಯನಗರದ ಜೊತೆ ಇಟ್ಟು ಸರಾಸರಿ ತೆಗೆದರೆ ಎರಡೂ ಕಡೆಯ ನಿಜ ಮರೆಯಾಗುತ್ತದೆ. 2020ರ ಮಾರ್ಚ್ ಕೊನೆಯಿಂದ ಮೇವರೆಗಿನ ಲೆಕ್ಕವನ್ನು ಆಧಾರವಾಗಿ ಹಿಡಿಯಬೇಡಿ. ಆ ಏಪ್ರಿಲ್ 1ರಂದೇ ಗಂಧಕ 50ರಿಂದ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಭಾಗಕ್ಕೆ) ಇಳಿದ, ಭಾರತ್ ಸ್ಟೇಜ್ ಎಂಬ ಮಾಲಿನ್ಯ ಮಾನದಂಡದ ಬಿಎಸ್-6 ಇಂಧನ ಜಾರಿಗೆ ಬಂತು, ಆದರೆ ಲಾಕ್‌ಡೌನ್‌ನಿಂದ ರಸ್ತೆಗಳು ಖಾಲಿಯಿದ್ದವು. ಯಾವುದರಿಂದ ಎಷ್ಟು ಇಳಿಯಿತೆಂದು ಆ ಅಂಕಿಗಳಿಂದ ಬಿಡಿಸಲಾಗದು.