ಮೆಟ್ರೋ ಸುರಂಗದಲ್ಲಿ ಗಾಬರಿಗೆ ಕಾದ ದಿನ

ಮೂಗು ಹಿಡಿದುಕೊಂಡು ಬರೀ ಒಂದು ಸಣ್ಣ ಸ್ಟ್ರಾದಲ್ಲಿ ಉಸಿರಾಡಬೇಕು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಎದೆ ಡವಡವ, ತಲೆ ಹಗುರ, ಗಂಟಲು ಬಿಗಿ. ಇದ್ದಕ್ಕಿದ್ದ ಹಾಗೆ ವಿಪರೀತ ಗಾಬರಿ ನುಗ್ಗುವ ಪ್ಯಾನಿಕ್ ಅಟ್ಯಾಕ್ ಬಂದಾಗ ನನಗೆ ಆಗುತ್ತಿದ್ದದ್ದೂ ಥೇಟ್ ಇದೇ. ನಮ್ಮ ಸೈಕಾಲಜಿಸ್ಟ್ ಮೇಡಂ ಅದನ್ನು ಬೇಕಂತಲೇ ಬರಿಸುತ್ತಿದ್ದರು. ಅದಕ್ಕೂ ಮುಂಚೆ ಇಸಿಜಿ, ಥೈರಾಯ್ಡ್ ಪರೀಕ್ಷೆ ಎಲ್ಲ ಮುಗಿದಿತ್ತು. ಆಸ್ತಮಾ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು.

ಎದೆ ಜೋರಾಗಿ ಬಡಿದುಕೊಂಡರೆ ‘ಹಾರ್ಟ್ ಅಟ್ಯಾಕೇ ಇರಬೇಕು’ ಅಂತ ಹೆದರುತ್ತೇವಲ್ಲ, ಆ ಹೆದರಿಕೆಗೆ ಬಡಿತ ಇನ್ನೂ ಜಾಸ್ತಿಯಾಗುತ್ತದೆ. ಬಡಿತ ಜಾಸ್ತಿಯಾದರೆ ಹೆದರಿಕೆಯೂ ಜಾಸ್ತಿ. ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1986ರಲ್ಲೇ ಈ ಸುತ್ತನ್ನು ಬಿಡಿಸಿ ಹೇಳಿದ್ದರು. ಆ ಸುತ್ತು ಮುರಿಯಲೆಂದು, ಭಯಪಡುವುದರ ಎದುರಿಗೇ ಹಂತಹಂತವಾಗಿ ಹೋಗಿ ನಿಲ್ಲುವ ಈ ಚಿಕಿತ್ಸೆಗೆ ಎಕ್ಸ್‌ಪೋಷರ್ ಥೆರಪಿ ಅನ್ನುತ್ತಾರೆ.

ನಾನು ಹೀಗೆ ಎದುರಿಸಬೇಕಾದವುಗಳ ಪಟ್ಟಿಯಲ್ಲಿ ಸ್ಟ್ರಾ, ಲಿಫ್ಟ್ ಆದ ಮೇಲೆ ಬಂದದ್ದು ಮೆಟ್ರೋ. ಇಂದಿರಾನಗರದಿಂದ ಮಾಗಡಿ ರೋಡ್‌ವರೆಗೆ, ಪರ್ಪಲ್ ಲೈನ್. ಎಂ.ಜಿ. ರೋಡ್‌ವರೆಗೂ ಕಿಟಕಿಯಾಚೆ ಬೆಳಕು, ಮರ, ಕಟ್ಟಡ. ಆಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಕಬ್ಬನ್ ಪಾರ್ಕ್‌ನಿಂದ ಸಿಟಿ ರೈಲ್ವೆ ಸ್ಟೇಷನ್‌ವರೆಗೆ ಐದು ನಿಲ್ದಾಣ, ಎಲ್ಲವೂ ನೆಲದಡಿ.

ಹೊರಡುವ ಮುಂಚೆ ಮೇಡಂ ನನ್ನ ಬ್ಯಾಗ್ ತೆಗೆಸಿದರು. ನೀರಿನ ಬಾಟಲಿ, ಪುದೀನಾ ಪೆಪ್ಪರ್‌ಮಿಂಟು, ನೆತ್ತಿಗೆ ಹಚ್ಚುವ ಬಾಮು ಎಲ್ಲ ಅವರ ಮೇಜಿನ ಮೇಲೇ ಉಳಿದವು. “ಇವು ಜೊತೆಗಿದ್ರೆ, ಬಾಟಲಿ ಇತ್ತು ಅಂತ ಉಳ್ಕೊಂಡೆ ಅಂದ್ಕೊಳ್ತೀರಿ” ಅಂದರು. ಅಕ್ಕನಿಗೆ ಫೋನ್ ಮಾಡುವುದೂ ಬೇಡ. ಏನಾಗುತ್ತೆ ಅಂತ ಭಯವೋ ಅದನ್ನು ಒಂದು ಚೀಟಿಯಲ್ಲಿ ಬರೆಸಿದರು. ‘ಸುರಂಗದಲ್ಲಿ ಪ್ರಜ್ಞೆ ತಪ್ಪಿ ಬೀಳ್ತೀನಿ’ ಅಂತ ಬರೆದೆ.

ವಿಧಾನಸೌಧ ದಾಟುತ್ತಿದ್ದ ಹಾಗೆ ಶುರುವಾಯಿತು. ಅಂಗೈ ಬೆವರಿಗೆ ಕಂಬಿ ಜಾರುತ್ತಿತ್ತು. ಎದುರಿನ ಸೀಟಿನ ಅಜ್ಜಿ ತೊಡೆ ಮೇಲೆ ಮಲ್ಲಿಗೆ ಹೂವಿನ ಕವರ್ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

“ಈಗ ಗಾಬರಿ ನೂರಕ್ಕೆ ಎಷ್ಟು?” ಜೊತೆಗೆ ಬಂದಿದ್ದ ಮೇಡಂ ಮೆಲ್ಲಗೆ ಕೇಳಿದರು.

“ತೊಂಬತ್ತು.”

“ಅದನ್ನ ಓಡಿಸ್ಬೇಡಿ. ಇನ್ನೂ ಬರಲಿ ಅನ್ನಿ.”

ಮೆಜೆಸ್ಟಿಕ್‌ನಲ್ಲಿ ಬಾಗಿಲು ತೆರೆಯಿತು. ಜನ ನುಗ್ಗಿ ಇಳಿದರು, ನನ್ನ ಕಾಲೂ ಬಾಗಿಲ ಕಡೆ ತಿರುಗಿತು. ಇಳಿದಿದ್ದರೆ ಒಂದೇ ಕ್ಷಣದಲ್ಲಿ ಹಾಯೆನಿಸುತ್ತಿತ್ತು. ನನ್ನ ಕಾಯಿಲೆ ಬೆಳೆದದ್ದೇ ಆ ಹಾಯೆನ್ನುವ ಗಳಿಗೆಗಳಿಂದ. ಮೊದಲು ಮೆಟ್ರೋ ಬಿಟ್ಟೆ, ಆಮೇಲೆ ಲಿಫ್ಟ್, ಆಮೇಲೆ ಮದುವೆ ಮನೆಗಳು. ಇಳಿಯಲಿಲ್ಲ. ಬಾಗಿಲು ಮುಚ್ಚಿತು. ಆ ಹೊತ್ತಿನಲ್ಲಿ ನಾನು ಪಟ್ಟ ಭಯವನ್ನು ಯಾರೂ ‘ಸುಮ್ನೆ ಮನಸ್ಸಿನ ಭ್ರಮೆ’ ಅಂತ ತಳ್ಳಿಹಾಕಬಾರದು.

ಮಾಗಡಿ ರೋಡ್ ಬರುವ ಹೊತ್ತಿಗೆ ನಲವತ್ತಕ್ಕೆ ಇಳಿದಿತ್ತು. ಸೊನ್ನೆ ಆಗಲೇ ಇಲ್ಲ, ಆಗಬೇಕಾಗಿಯೂ ಇರಲಿಲ್ಲ. ನಾನಂತೂ ಬಿದ್ದಿರಲಿಲ್ಲ. ಸಾಮಾನ್ಯವಾಗಿ ಬಿಪಿ ಇಳಿದಾಗ ಜನ ಪ್ರಜ್ಞೆ ತಪ್ಪುತ್ತಾರೆ, ಗಾಬರಿಯಲ್ಲಿ ಅದು ಏರುತ್ತದೆ ಅಂತ ಮೇಡಂ ಮೊದಲೇ ಹೇಳಿದ್ದರು. ಅವರು ಹೇಳಿದಾಗ ನಂಬಿಕೆ ಬಂದಿರಲಿಲ್ಲ, ಸುರಂಗ ದಾಟಿದ ಮೇಲೆ ಬಂತು. ಪ್ಲಾಟ್‌ಫಾರ್ಮ್ ಬದಲಿಸಿ ತಕ್ಷಣ ವಾಪಸ್ ರೈಲು ಹತ್ತಿದೆವು. ಸುರಂಗದಲ್ಲಿ ಮತ್ತೆ ಗಾಬರಿಯಾಯಿತು, ಆದರೆ ಎಪ್ಪತ್ತು ದಾಟಲಿಲ್ಲ.

“ಇಷ್ಟು ಕಷ್ಟ ಯಾಕಮ್ಮಾ, ಆಟೋದಲ್ಲಿ ಓಡಾಡು” ಅಂತ ಅಮ್ಮ ಈಗಲೂ ಹೇಳುತ್ತಾರೆ. ಪ್ರೀತಿಯ ಮಾತೇ ಅದು. ಆದರೆ ನನ್ನ ಹಾಗೆ ಒಂದೊಂದೇ ಜಾಗ ಬಿಡುತ್ತಾ ಬಂದವರಿಗೆ ನಾನು ಹೇಳುವುದು ಬೇರೆ. ಈ ಚಿಕಿತ್ಸೆ ಕಲಿತವರ ಹತ್ತಿರ ಹೋಗಿ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಹೋಮ್‌ವರ್ಕ್ ಆಗಲೇ ಸಿಕ್ಕಿದೆ. ಸಂಜೆ ಆರರ ರಶ್‌ನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದು ಗ್ರೀನ್ ಲೈನ್ ಹತ್ತಬೇಕು. ಈ ಸಲ ಮೇಡಂ ಜೊತೆಗೆ ಬರಲ್ಲ.